ತಾಂಡೇಲರ ಕಾರು ಏರು ಹತ್ತಿದ್ದು

ಹೆಮ್ಮಾಡಿ ಜಂಕ್ಷನ್ನಿನಿಂದ ಕೊಲ್ಲೂರು ರಸ್ತೆಗೆ ತಿರುಗಿ ನೂರು ಹೆಜ್ಜೆ ಹೋದರೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಅದಕ್ಕೆ ಬೋರ್ಡಿಲ್ಲ. ಬೇಕಾಗಿಯೂ ಇರಲಿಲ್ಲ. ಗಂಗೊಳ್ಳಿ ಬಂದರಿನ ಮೀನಿನ ಗಾಡಿಗಳೆಲ್ಲ ದಾರಿ ಕೇಳದೆ ಅಲ್ಲಿಗೇ ಬಂದು ನಿಲ್ಲುತ್ತಿದ್ದವು. ಡೀಸೆಲ್ ಗಾಡಿ ಕೆಟ್ಟರೆ ನಿತೇಶ ಅನ್ನುವುದು ಎರಡು ವರ್ಷದಿಂದ ನಡೆದುಬಂದ ಮಾತು. ಈಗ ಒಂದು ತಿಂಗಳಿಂದ ಶೆಡ್ಡಿನ ಮುಂದಿನ ಜಾಗದಲ್ಲಿ ಪಕ್ಕದ ಮನೆಯ ಕೋಳಿಗಳು ನೆಮ್ಮದಿಯಾಗಿ ಮಣ್ಣು ಕೆದಕುತ್ತಿವೆ.

ಕಾರಣ, ಗೋವರ್ಧನ ತಾಂಡೇಲರ ಕಾರು.

ದೋಣಿ ಎತ್ತ ತಿರುಗಬೇಕು, ಬಲೆ ಎಲ್ಲಿ ಬೀಳಬೇಕು ಅಂತ ಸಮುದ್ರದ ಮೇಲೆ ಹೇಳುವವನು ತಾಂಡೇಲ. ಗೋವರ್ಧನ ನಲವತ್ತು ವರ್ಷ ಹಾಗೆ ಹೇಳಿದವರು. ಮೊಣಕಾಲು ಕೈಕೊಟ್ಟ ಮೇಲೆ ದೋಣಿ ಬಿಟ್ಟರು, ಹೇಳುವುದನ್ನು ಬಿಡಲಿಲ್ಲ. ಬಂದರಿನ ಬಲೆ ಶೆಡ್ಡಿನಲ್ಲಿ ಕೂತು ಅವರು ಮೋಡ ನೋಡಿ ಒಂದು ಮಾತು ಹೇಳಿದರೆ ಈಗಲೂ ನಾಲ್ಕು ದೋಣಿ ದಡದಲ್ಲೇ ಉಳಿಯುತ್ತವೆ. ಅವರ ಹತ್ತಿರ ಹದಿನಾರು ವರ್ಷದ ಒಂದು ಟರ್ಬೋ ಡೀಸೆಲ್ ಕಾರಿದೆ. ಮುಂಬೈಯಲ್ಲಿ ಹೋಟೆಲಿಟ್ಟ ತಂಗಿಯ ಮಗ ಕೊಟ್ಟು ಹೋದದ್ದು. ಮಗಳು ದಿವ್ಯಾ ಅದನ್ನು ಓಡಿಸಿಕೊಂಡು ದಿನಾ ಕುಂದಾಪುರದ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಾಳೆ.

ಮೇ ತಿಂಗಳ ಕೊನೆಗೆ ಆ ಕಾರಿನ ಸರ್ವಿಸು ಮಾಡಿದವನು ನಿತೇಶ. ಜೂನ್ ದಾಟುವಷ್ಟರಲ್ಲಿ ಕಾರಿನ ಪಿಕಪ್ ಹೋಯಿತು. ಸಪಾಟು ರಸ್ತೆಯಲ್ಲಿ ಹೇಗೋ ಓಡುತ್ತದೆ, ಏರು ಬಂದರೆ ಎದೆ ಹಿಡಿದುಕೊಂಡ ಮುದುಕನ ಹಾಗೆ ಅಲ್ಲೇ ಏದುಸಿರು. ಶಿರೂರಿನ ನೆಂಟರ ಮನೆಗೆ ಹೋಗುವಾಗ ಬೈಂದೂರು ದಾಟಿ ಒತ್ತಿನೆಣೆ ಏರಿನಲ್ಲಿ ಎಳನೀರು ತುಂಬಿದ ಒಂದು ಗೂಡ್ಸ್ ರಿಕ್ಷಾ ಅವರ ಕಾರನ್ನು ಹಿಂದೆ ಹಾಕಿತು. ಹಾಕಿದ್ದೂ ಅಲ್ಲದೆ ಆ ರಿಕ್ಷಾದವನು ತಿರುಗಿ ನೋಡಿ ನಕ್ಕ. ಕಾರು ಆ ದಿನ ಹೇಗೋ ಶಿರೂರು ಮುಟ್ಟಿತು. ಆ ನಗೆ ಮಾತ್ರ ತಾಂಡೇಲರ ಜೊತೆ ಗಂಗೊಳ್ಳಿಗೆ ವಾಪಸು ಬಂತು.

"ಸರ್ವಿಸಿಗ್ ಕೊಟ್ಟಲ್ಲಿಂದ ಸುರು ಆದ್ದ್ ಇದ್," ಅಂದರು ಅವರು ಬಲೆ ಶೆಡ್ಡಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಒಂಬತ್ತನೇ ಕ್ಲಾಸಿಗ್ ಶಾಲಿ ಬಿಟ್ಟವ್ನ ಕೈಯಗೆ ಟರ್ಬೋ ಗಾಡಿ ಕೊಟ್ಟದ್ದ್ ನಂದೇ ತಪ್ಪ್."

ಅಷ್ಟೇ ಸಾಕಾಯಿತು. ಮಾರನೇ ವಾರದಿಂದ ಬಂದರಿನ ಗಾಡಿಗಳು ಹೆಮ್ಮಾಡಿಯಲ್ಲಿ ತಿರುಗದೆ ನೇರ ಕುಂದಾಪುರಕ್ಕೆ ಹೋಗತೊಡಗಿದವು.

ನಿತೇಶನಿಗೆ ಸಿಟ್ಟು ಬಂದದ್ದು ಗಾಡಿ ಬರಲಿಲ್ಲ ಅಂತ ಅಲ್ಲ. ಒಂಬತ್ತನೇ ಕ್ಲಾಸಿನ ಮಾತಿಗೆ. ಕೊಕ್ಕರ್ಣೆಯಿಂದ ದಿನಾ ಬಸ್ಸು ಹಿಡಿದು ಬ್ರಹ್ಮಾವರದ ಕಿಟ್ಟಣ್ಣನ ಗ್ಯಾರೇಜಿನಲ್ಲಿ ಏಳು ವರ್ಷ ಎಣ್ಣೆಯಲ್ಲಿ ಕೈಯದ್ದಿ ಕಲಿತದ್ದಕ್ಕೆ ಯಾರೂ ಸರ್ಟಿಫಿಕೇಟು ಕೊಟ್ಟಿರಲಿಲ್ಲ. ಗಂಗೊಳ್ಳಿಯವರ ಬಾಯಿಮಾತೇ ಅವನ ಸರ್ಟಿಫಿಕೇಟು, ಅದನ್ನು ಆ ಮುದುಕ ಎಲ್ಲರೆದುರು ಹರಿದು ಹಾಕಿದ್ದ.

ಕಾರು ಮೂರು ಸಲ ಶೆಡ್ಡಿಗೆ ಬಂತು. ಡೀಸೆಲ್ ಫಿಲ್ಟರು ಬದಲಿಸಿದ. ಏರ್ ಫಿಲ್ಟರು ಬಿಚ್ಚಿ ನೋಡಿದರೆ ಹೊಸದರ ಹಾಗೇ ಇತ್ತು. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ಪೈಪುಗಳಿಗೆ ಸೋಪು ನೀರು ಬಳಿದು ಎಲ್ಲಾದರೂ ಗುಳ್ಳೆ ಏಳುತ್ತದೋ ಅಂತ ಕಾದ. ಏಳಲಿಲ್ಲ. ಶೆಡ್ಡಿನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನು ಒಳ್ಳೇ ಮನೆತನದ ಮಗನ ಹಾಗೆ ನಡೆದುಕೊಂಡಿತು. ಉಡುಪಿ ಕಡೆಯ ಯಾವುದೋ ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರು ಚುಚ್ಚಿ ನೋಡಿ, ಟರ್ಬೋ ಹೋಗಿದೆ, ಹೊಸದೇ ಹಾಕಬೇಕು ಅಂದರಂತೆ. ತಾಂಡೇಲರಿಗೆ ಅದೇ ಸಾಕ್ಷಿಯಾಯಿತು. ಹುಡುಗ ಯಾವುದೋ ಎಣ್ಣೆ ಹಾಕಿ ಟರ್ಬೋ ಸುಟ್ಟ ಅಂತ ಕಥೆಗೆ ಇನ್ನೊಂದು ಬಾಲ ಬಂತು.

ಕೊನೆಗೆ ನಿತೇಶ ಕಿಟ್ಟಣ್ಣನಿಗೆ ಫೋನು ಮಾಡಿ ಹತ್ತು ನಿಮಿಷ ತಾಂಡೇಲರನ್ನು ಬಯ್ದ. ಕಿಟ್ಟಣ್ಣ ಅಷ್ಟೂ ಕೇಳಿಸಿಕೊಂಡ.

"ಮುಗೀತಾ?" ಅಂದ.

"ಇಲ್ಲೆ."

"ಉಳ್ದದ್ದ್ ಮತ್ತ್ ಬಯ್ಯು. ಗಾಡಿನ ಬಿಸಿ ಆಯ್ಕಂಡ್ ಏರ್ ಹತ್ತುವತಿಗೆ ಕಂಡಿದ್ಯಾ ನೀನ್?"

"ಶೆಡ್ಡಗೇ ಎಲ್ಲ ಕಂಡಿದೆ."

"ಜ್ವರ ಬಿಟ್ಟ್ ಮೇಲ್ ಡಾಕ್ಟ್ರ್ ಹತ್ರ ಹೋದ್ರೆ ಅವ್ರಿಗ್ ಎಂತ ಕಾಂತ್ ಮಾರಾಯ? ಟರ್ಬೋಗ್ ಬಯ್ಯುದ್ ಎಲ್ಲಕ್ಕಿಂತ ಕಡೇಗೆ. ಅದ್ರ ಕೈ ಎಳುದ್ ಯಾರ್? ಗಾಳಿ. ಆ ಗಾಳಿ ಸಮಾ ಬತ್ತಾ ಕಾಣ್. ಗೇಜಿಗ್ ಉದ್ದ ಪೈಪ್ ಕಟ್ಟಿ, ಕಿಟಕಿಯಗೆ ಒಳ್ಗ್ ತಕಂಡ್, ತೊಡಿ ಮೇಲ್ ಇಟ್ಕಂಡ್ ಕೂಕೋ. ಒತ್ತಿನೆಣೆಗ್ ಹೋಗ್." ಆಮೇಲೆ ನಗುತ್ತ ಸೇರಿಸಿದ, "ಮತ್ತೆ, ನೀನ್ ಸಿಟ್ಟ್ ಮಾಡ್ದೆ ಅಂದ್ಹೇಳಿ ಗೇಜಿನ್ ಮುಳ್ಳ್ ಹೆದ್ರುದಿಲ್ಲೆ ಮಗಾ."

ಆ ಆದಿತ್ಯವಾರ ಬೆಳಿಗ್ಗೆ ದಿವ್ಯಾ ಕಾರು ತಂದಳು. ಹಿಂದಿನ ಸೀಟಿನಲ್ಲಿ ತಾಂಡೇಲರೂ ಇದ್ದರು, ಬಿಳಿ ಪಂಚೆ ಉಟ್ಟು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು.

"ಅಪ್ಪಯ್ಯಂಗೆ ನೀವ್ ಬಿಚ್ಚುದನ್ನ ಕಣ್ಣಾರೆ ಕಾಣ್ಕ್ ಅಂಬ್ರ್," ಅಂದಳು ದಿವ್ಯಾ.

"ಕಾಣ್ಲಿ," ಅಂದ ನಿತೇಶ. ಬಾನೆಟ್ಟಿನ ಮೇಲೆ ಕೈಯಿಟ್ಟು ತಾಂಡೇಲರನ್ನೇ ನೋಡಿದ. "ತಾಂಡೇಲ್ರೇ, ಒಂದ್ ಮಾತ್. ಇವತ್ತ್ ಸಿಕ್ಲಿಲ್ಲೆ ಅಂದ್ರೆ ನಾನ್ ಇನ್ ನಿಮ್ ಕಾರ್ ಮುಟ್ಟುದಿಲ್ಲೆ. ನೀವ್ ಹೇಳದ್ದೇ ಸಮ ಅಂದ್ಕಂತೆ. ಸಿಕ್ರೆ, ತಪ್ಪ್ ನಂದಲ್ಲ ಅಂದ್ಹೇಳಿ ಆರೆ, ಬಲೆ ಶೆಡ್ಡಗೆ ಹೇಳದ್ದನ್ನ ಅದೇ ಬಲೆ ಶೆಡ್ಡಗೆ ನಿಂತ್ ವಾಪಸ್ ತಕಣ್ಕ್ ನೀವ್."

"ಸಿಕ್ಲಿ ಮೊದ್ಲ್," ಅಂದರು ತಾಂಡೇಲರು.

"ಮಾತ್ ಕೊಡ್ತ್ರ್ಯಾ?"

ತಾಂಡೇಲರು ಮೊಣಕಾಲಿನ ಪಟ್ಟಿ ಬಿಗಿ ಮಾಡಿಕೊಂಡರು. "ಕೊಟ್ಟೆ."

ನಿತೇಶ ಕೆಲಸಕ್ಕೆ ಕೂತ. ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ಬಲ ಕೊಡುವ ಈ ಕಾರಿನ ಟರ್ಬೋಗೆ ಒಂದು ಪುಟ್ಟ ಕೈ ಇದೆ. ಎಂಜಿನ್ನಿನ ಒಂದು ಪಂಪು ಸಪೂರ ಪೈಪಿನ ಮೂಲಕ ಗಾಳಿ ಹೀರಿದರೆ, ಆ ಹೀರುವ ಬಲಕ್ಕೆ ಆ ಕೈ ಎಳೆಯಲ್ಪಟ್ಟು ಟರ್ಬೋ ಜೋರು ತಿರುಗುತ್ತದೆ. ಹೀರುವ ಬಲ ಕಡಿಮೆಯಾದರೆ ಕೈ ಏಳುವುದಿಲ್ಲ, ಟರ್ಬೋ ಇದ್ದೂ ಇಲ್ಲದ ಹಾಗೆ. ಆ ಕೈಯ ಹತ್ತಿರ ಅವನು ಪೈಪಿಗೆ ಒಂದು ಕವಲು ಕೊಟ್ಟು, ಅದಕ್ಕೆ ಮೂರು ಮೀಟರು ಉದ್ದದ ಪೈಪು ಸಿಕ್ಕಿಸಿ, ಬಾನೆಟ್ಟಿನ ಸಂದಿಯಿಂದ ಹೊರತೆಗೆದು, ಕಿಟಕಿಯಿಂದ ಒಳಗೆಳೆದು, ತುದಿಗೆ ಹೀರುವ ಬಲ ಅಳೆಯುವ ಗೇಜು ಕಟ್ಟಿದ. ದಿವ್ಯಾಳ ಪಕ್ಕದಲ್ಲಿ ಗೇಜನ್ನು ತೊಡೆ ಮೇಲಿಟ್ಟುಕೊಂಡು ಕೂತ.

"ಗ್ಲೂಕೋಸ್ ಹಾಕದ್ ಹಾಂಗ್ ಕಾಂತ್," ಅಂದಳು ದಿವ್ಯಾ.

"ಪೇಷಂಟ್ ಹಿಂದ್ ಕೂಕಂಡಿರ್," ಅಂದ ನಿತೇಶ.

ಸ್ಟಾರ್ಟು ಮಾಡಿದಾಗ ಮುಳ್ಳು ಇಪ್ಪತ್ತನಾಲ್ಕರಲ್ಲಿ ನಿಂತಿತು. ಮುಳ್ಳಿಕಟ್ಟೆ ದಾಟಿದರು, ತ್ರಾಸಿ ದಾಟಿದರು. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಸೆಲ್ಫಿ ತೆಗೆಯುವವರು. ಮುಳ್ಳು ಅಲ್ಲೇ ಇತ್ತು. ತಾಂಡೇಲರು ಕಡಲ ಕಡೆ ನೋಡಿ, "ನೀರ್ ತೆಳಿ ಆಯ್ತ್. ಎರಡ್ ದಿನದಗೆ ಬಂಗ್ಡೆ ಬತ್ತ್," ಅಂದರು. ನಾವುಂದದಲ್ಲಿ ಮುಳ್ಳು ಇಪ್ಪತ್ತೆರಡು. ಉಪ್ಪುಂದದಲ್ಲಿ ಇಪ್ಪತ್ತು. ನಿತೇಶ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿದ. ಎಂಜಿನ್ನು ಬಿಸಿಯಾದ ಹಾಗೆಲ್ಲ ಮುಳ್ಳು ಇಳಿಯುತ್ತಿತ್ತು. ಶೆಡ್ಡಿನಲ್ಲಿ ತಣ್ಣಗೆ ನಿಂತ ಕಾರಿನಲ್ಲಿ ಇದು ಕಾಣುವುದು ಹೇಗೆ?

ಬೈಂದೂರು ಪೇಟೆ ಕಳೆದು ಒತ್ತಿನೆಣೆ ಏರು ಎದುರಾಯಿತು.

"ನಾಲ್ಕನೇ ಗೇರಗೇ ಇರ್ಲಿ. ಪೂರ್ತಿ ಒತ್ತಿ," ಅಂದ.

ದಿವ್ಯಾ ಒತ್ತಿದಳು. ಮುಳ್ಳು ಹದಿನೈದಕ್ಕೆ ಬಿತ್ತು, ಹನ್ನೆರಡಕ್ಕೆ ಬಿತ್ತು, ಎಂಟಕ್ಕೆ ಬಂದು ಅಲ್ಲೇ ನಡುಗುತ್ತ ನಿಂತಿತು. ಕಾರು ನರಳಿತು. ಹಿಂದಿನಿಂದ ಭಟ್ಕಳದ ಬಸ್ಸೊಂದು ಹಾರ್ನು ಬಾರಿಸುತ್ತ ಬಂದು ಮುಂದೆ ಹೋಯಿತು. ತಾಂಡೇಲರು ಕಿಟಕಿಯ ಕಡೆಯಿಂದ ಮುಖ ತಿರುಗಿಸಿಕೊಂಡರು.

"ಸಿಕ್ತ್," ಅಂದ ನಿತೇಶ ಮೆಲ್ಲಗೆ. "ಮೇಲ್ ಹೋಯ್ ಬದಿಗ್ ಹಾಕಿ. ಎಂಜಿನ್ ಬಂದ್ ಮಾಡ್ಬೇಡಿ."

ಏರಿನ ನೆತ್ತಿಯಲ್ಲಿ ರಸ್ತೆ ಬದಿಗೆ ನಿಲ್ಲಿಸಿ ಬಾನೆಟ್ಟು ಎತ್ತಿದರು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಪಂಪಿನಿಂದ ಹೊರಟ ಪೈಪನ್ನು ನಿತೇಶ ಬೆರಳಲ್ಲೇ ಹಿಡಿದು ಹಿಂಬಾಲಿಸಿದ. ಮೊದಲು ಕಬ್ಬಿಣದ್ದು, ಅದು ಗಟ್ಟಿ. ಆಮೇಲೆ ಪೆನ್ಸಿಲಿನಷ್ಟು ಸಪೂರದ ಕಪ್ಪು ರಬ್ಬರು, ಬ್ಯಾಟರಿಯ ಹಿಂದಿನಿಂದ ಬಳಸಿ ಹೋಗುವಂಥದ್ದು. ಅಲ್ಲಿ ಅವನ ಬೆರಳು ನಿಂತಿತು. ಪೈಪು ಅಲ್ಲಿ ದುಂಡಗಿರಲಿಲ್ಲ. ಒಳಗಿನ ಗಾಳಿಯೇ ಎಳೆದು, ಅದು ಹುಣಸೆ ಸಿಪ್ಪೆಯ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಎಂಜಿನ್ನು ಬಂದ್ ಮಾಡಿಸಿ ಒತ್ತಿ ನೋಡಿದ. ನೆನೆದು ಉಬ್ಬಿದ ರಬ್ಬರು. ತುದಿಯನ್ನು ಹಿಡಿದರೆ ಎಳೆಯುವ ಮೊದಲೇ ಕಳಚಿ ಕೈಗೆ ಬಂತು.

ರಬ್ಬರು ಹಳತಾದರೆ ಒಣಗಿ ಸೀಳುತ್ತದೆ. ಹೀಗೆ ಬೆಂದ ಗೆಣಸಿನ ಹಾಗೆ ಮೆತ್ತಗಾಗುವುದಿಲ್ಲ. ಬಟ್ಟೆಯಿಂದ ಒರೆಸಿದ. ಬಟ್ಟೆಗೆ ಕಂದು ಬಣ್ಣದ ಅಂಟು ಹತ್ತಿತು. ಮೂಗಿನ ಹತ್ತಿರ ತಂದ.

ಮೀನು. ಆದರೆ ಗಂಗೊಳ್ಳಿಯಿಂದ ಬಂದ ಗಾಡಿಗೆ ಮೀನಿನ ವಾಸನೆ ಇಲ್ಲದೆ ಮಲ್ಲಿಗೆಯ ವಾಸನೆ ಇರುತ್ತದೆಯೇ? ಮೂರು ಸಲವೂ ಆ ವಾಸನೆ ಮೂಗಿಗೆ ಬಂದಿತ್ತು, ಮೂರು ಸಲವೂ ಅದನ್ನವನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಅವನು ಕೊಕ್ಕರ್ಣೆಯ ಗದ್ದೆ ಮನೆಯವ. ಮೀನು ತಿನ್ನಲು ಗೊತ್ತು, ಅದಕ್ಕಿಂತ ಹೆಚ್ಚು ಗೊತ್ತಿಲ್ಲ.

"ಇದೆಂತ ಅಂಟ್?" ಅಂತ ದಿವ್ಯಾಳ ಮುಂದೆ ಬಟ್ಟೆ ಹಿಡಿದ. "ಯಾರ್ ಹಾಕದ್ದ್ ಇದ್ನ?"

ದಿವ್ಯಾ ಮೂಸಿ ನೋಡಿದಳು. ಬಟ್ಟೆ ಕೆಳಗಿಳಿಸಿ ನಿಧಾನವಾಗಿ ಹಿಂದೆ ತಿರುಗಿದಳು. "ಅಪ್ಪಯ್ಯ, ಇದ್ ದೋಣಿ ಎಣ್ಣಿ ಅಲ್ದಾ?"

ತಾಂಡೇಲರು ಕಾರಿನಿಂದ ಇಳಿದು ಬಾನೆಟ್ಟಿನ ಹತ್ತಿರ ಬಂದು ನಿಂತಿದ್ದರು. ಒಳಗೆ ಬಗ್ಗಿ ನೋಡಿದರು.

"ಹೌದ್," ಅಂದರು.

ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಆದಾಗ ಮರದ ದೋಣಿಯನ್ನು ದಡಕ್ಕೆಳೆದು, ಮೈಗೆ ಮೀನಿನ ಎಣ್ಣೆ ಪೂಸಿ, ತೆಂಗಿನ ಮಡಲು ಹೊದೆಸಿ ಇಡುವುದು ಅವರ ಅಜ್ಜನ ಕಾಲದ ಕ್ರಮ. ಎಣ್ಣೆ ಕುಡಿದ ಮರಕ್ಕೆ ಉಪ್ಪು ಹತ್ತುವುದಿಲ್ಲ, ಹುಳ ಹೊಡೆಯುವುದಿಲ್ಲ. ಈ ಸಲ ಮನೆಯ ಹಳೇ ದೋಣಿಗೆ ಪೂಸಿ ಒಂದು ಡಬ್ಬಿ ಉಳಿದಿತ್ತು.

"ಉಪ್ಪ್ ಗಾಳಿ ಕಬ್ಣ ತಿಂತ್ತಲೆ," ಅಂದರು ತಾಂಡೇಲರು. "ದೋಣಿ ಹಾಂಗೇ ಇದ್ ಅಂದ್ಕಂಡೆ. ಬಟ್ಟಿ ಅದ್ದಿ ಕೈಗ್ ಸಿಕ್ಕದ್ದಕ್ಕೆಲ್ಲ ಪೂಸ್ದೆ. ಒಂದ್ ದಿನ ಅಲ್ಲ, ಮೂರ್ ದಿನ. ಪೈಪ್ ಗೀಪ್ ಎಲ್ಲ ಬಿಟ್ಟಿಲ್ಲೆ. ಮಕ್ಳ್ ತಲಿಗ್ ಎಣ್ಣಿ ತಿಕ್ಕದ್ ಹಾಂಗ್."

ನಿತೇಶನ ಕೈಯಲ್ಲಿ ಹತ್ತು ನಂಬರಿನ ಸ್ಪ್ಯಾನರಿತ್ತು. ಅದನ್ನು ಎತ್ತಿ ರಸ್ತೆಯಾಚೆಯ ಪೊದೆಗೆ ಎಸೆದ.

"ರಬ್ಬರಿಗ್ ಎಣ್ಣಿ ತಾಗ್ಬಾರ್ದ್ ಅಂದ್ಹೇಳಿ ಸೈಕಲ್ ಅಂಗ್ಡಿಯವ್ನಿಗೂ ಗೊತ್ತಿತ್ತ್!" ಅಂತ ಕೂಗಿದ. "ಒಂದ್ ತಿಂಗ್ಳ್! ಒಂದ್ ತಿಂಗ್ಳಿಂದ ನಾನ್ ಕೋಳಿ ಕಾಯ್ತಿದ್ದೆ ಅಲ್ಲ್! ಒಂಬತ್ತನೇ ಕ್ಲಾಸ್ ಒಂಬತ್ತನೇ ಕ್ಲಾಸ್ ಅಂದ್ರಿ. ನೀವ್ ಎಷ್ಟನೇ ಕ್ಲಾಸ್ ತಾಂಡೇಲ್ರೇ?"

"ಮೂರ್ನೇದ್," ಅಂದರು ತಾಂಡೇಲರು.

ನಿತೇಶ ತಿರುಗಿ ಚೀಲಕ್ಕೆ ಕೈ ಹಾಕಿದ.

ಹೊಸ ಪೈಪು ಚೀಲದಲ್ಲಿತ್ತು. ಆದರೆ ಬ್ಯಾಟರಿ ಸರಿಸದೆ ಹಳೆಯದು ಬರುವುದಿಲ್ಲ, ಬ್ಯಾಟರಿ ಬಿಚ್ಚಲು ಹತ್ತು ನಂಬರು ಬೇಕು. ಮೂವರೂ ಪೊದೆಯಲ್ಲಿ ಹುಡುಕಿದರು. ದಿವ್ಯಾ ಒಂದು ಕೋಲಿನಿಂದ ಹುಲ್ಲು ಸರಿಸುತ್ತ, "ಇನ್ನೊಂದ್ ಸಲ ಎಸ್ವಾಗ ಬಣ್ಣದ್ ಬಟ್ಟಿ ಕಟ್ಟಿ ಎಸೀರಿ," ಅಂದಳು. ಕಾಲು ಎಳೆಯುತ್ತ ಹುಡುಕಿದ ತಾಂಡೇಲರಿಗೇ ಅದು ಸಿಕ್ಕಿತು. ಪಂಚೆಯ ಅಂಚಿನಲ್ಲಿ ಒರೆಸಿ ನಿತೇಶನ ಕೈಗೆ ಕೊಟ್ಟರು.

ಕೆಲಸ ಅರ್ಧ ಗಂಟೆಯದು. ಮೆತ್ತಗಾದ ಪೈಪುಗಳನ್ನೆಲ್ಲ ಕಿತ್ತು ಹೊಸ ಸಿಲಿಕಾನ್ ಪೈಪು ಅಳತೆಗೆ ಕತ್ತರಿಸಿ ಹಾಕಿದ. ತುದಿ ತುದಿಗೆ ಕ್ಲಿಪ್ಪು ಒತ್ತಿದ. ಕಬ್ಬಿಣದ ಭಾಗಗಳನ್ನು ಒರೆಸುವಾಗ ಒಂದು ವಿಷಯ ಅವನ ಕಣ್ಣಿಗೆ ಬಿತ್ತು. ಆಗ ಏನೂ ಹೇಳಲಿಲ್ಲ.

ಕೆಳಗಿಳಿದು ಬೈಂದೂರಿನ ಹತ್ತಿರ ಯು ಟರ್ನು ಹೊಡೆದು ಮತ್ತೆ ಏರಿನ ಬುಡಕ್ಕೆ ಬಂದರು. ದಿವ್ಯಾ ನಾಲ್ಕನೇ ಗೇರಿನಲ್ಲಿ ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಾನೆಟ್ಟಿನೊಳಗಿಂದ ಸಪೂರ ಸಿಳ್ಳೆಯೊಂದು ಎದ್ದು, ಬೆನ್ನಿಗೆ ಯಾರೋ ಅಂಗೈ ಕೊಟ್ಟು ನೂಕಿದ ಹಾಗೆ ಮೂವರೂ ಸೀಟಿಗೆ ಒತ್ತಿಕೊಂಡರು. ಸ್ಪೀಡು ಅರವತ್ತು, ಎಪ್ಪತ್ತು, ಎಂಬತ್ತು. ಗೇಜಿನ ಮುಳ್ಳು ಇಪ್ಪತ್ತನಾಲ್ಕರಿಂದ ಅಲುಗಲಿಲ್ಲ. ಏರು ಎಲ್ಲಿ ಮುಗಿಯಿತು ಅಂತಲೂ ಗೊತ್ತಾಗಲಿಲ್ಲ.

"ಅಬ್ಬಾ!" ಅಂದಳು ದಿವ್ಯಾ.

ಹಿಂದಿನಿಂದ ತಾಂಡೇಲರ ದನಿ ಬಂತು. "ಇನ್ನೊಂದ್ ಸಲ ಹತ್ಸ್ ಕಾಂಬ."

ಇನ್ನೊಂದು ಸಲ ಹತ್ತಿಸಿದರು. ಗೂಡ್ಸ್ ರಿಕ್ಷಾ ಮಾತ್ರ ಯಾವುದೂ ಸಿಗಲಿಲ್ಲ.

ವಾಪಸು ಬರುವಾಗ ಹೆಮ್ಮಾಡಿಗೆ ಹೋಗಲಿಲ್ಲ. ಮುಳ್ಳಿಕಟ್ಟೆಯಲ್ಲಿ ತಾಂಡೇಲರೇ, "ಬಂದರಿಗ್ ತಿರ್ಗ್ಸ್," ಅಂದರು. ನಿತೇಶ ಹಿಂದೆ ತಿರುಗಿ ಅವರ ಮುಖ ನೋಡಿದ. ನಲವತ್ತು ವರ್ಷದಲ್ಲಿ ಈ ಮನುಷ್ಯ ದೋಣಿಯಲ್ಲಿ ತಪ್ಪು ದಿಕ್ಕು ತೋರಿಸಿದೆ ಅಂತ ಒಪ್ಪಿದ್ದನ್ನು ಯಾರೂ ಕೇಳಿರಲಿಲ್ಲ. ಇವತ್ತು ಒಪ್ಪುತ್ತಾನೆ ಅಂತ ಯಾವ ಗ್ಯಾರಂಟಿ?

ಆದಿತ್ಯವಾರವಾದ್ದರಿಂದ ಬಲೆ ಶೆಡ್ಡಿನಲ್ಲಿ ಇಪ್ಪತ್ತು ಜನ ಇದ್ದರು. ಬಲೆ ಹೊಲಿಯುವವರು ಹೊಲಿಯುತ್ತಿದ್ದರು, ಉಳಿದವರು ಅವರಿಗೆ ಬುದ್ಧಿ ಹೇಳುತ್ತಿದ್ದರು. ಪಿಕಪ್ ವ್ಯಾನಿನಲ್ಲಿ ಮೀನು ಸಾಗಿಸುವ ಚಂದ್ರ ಮೊದಲು ಕೂಗಿದ. "ಹ್ವಾಯ್ ತಾಂಡೇಲ್ರೇ, ಆಮೆ ಎಲ್ಲಿ ತನ್ಕ ಹೋಯ್ತ್ ಇವತ್ತ್?"

ಎಲ್ಲರೂ ನಕ್ಕರು. ತಾಂಡೇಲರು ಕಾರಿನಿಂದ ಇಳಿದು, ಬಲೆಯ ರಾಶಿಯ ಮೇಲೆ ಕೂತು, ಮೊಣಕಾಲು ನೀವಿಕೊಂಡರು. "ಮರವಂತಿಯಗೆ ನೀರ್ ತೆಳಿ ಆಯ್ತ್," ಅಂದರು. "ಎರಡ್ ದಿನದಗೆ ಬಂಗ್ಡೆ ಬತ್ತ್." ಆಮೇಲೆ ಯಾರದೋ ಬಲೆಯ ಕಣ್ಣು ಹಿಡಿದು, ಗಂಟು ಸಡಿಲವಾಯಿತು ಅಂದರು. ನಿತೇಶ ಕಾರಿನ ಬಾಗಿಲು ತೆರೆದು ಹೊರಗೆ ಬಂದ. ಅವನು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ತಾಂಡೇಲರು ಬಲೆ ಕೈಬಿಟ್ಟು ಎದ್ದು ನಿಂತರು.

"ಹ್ವಾಯ್, ಎಲ್ಲ ಕೇಣಿ," ಅಂದರು. ದೋಣಿಯ ತುದಿಯಿಂದ ತುದಿಗೆ ಕೇಳಿಸುವ ಹಳೇ ದನಿ. "ಕಾರ್ ಹಾಳ್ ಮಾಡದ್ದ್ ಈ ಹುಡ್ಗ ಅಲ್ಲ. ನಾನ್. ದೋಣಿ ಎಣ್ಣಿ ಪೂಸ್ದೆ, ರಬ್ಬರ್ ಪೈಪ್ ಕರ್ಗ್ ಹೋಯ್ತ್. ಟರ್ಬೋಗ್ ಎಂತದೂ ಆಯ್ಲಿಲ್ಲೆ. ಅವ್ನಿಗ್ ಸುಮ್ನೆ ಹೆಸ್ರ್ ಇಟ್ಟೆ. ಇವತ್ತ್ ಅವ್ನೇ ಸರಿ ಮಾಡ್ದ. ಒತ್ತಿನೆಣೆ ಎಂಬತ್ತರಗೆ ಹತ್ತಿತ್."

ಜನ ನಗುತ್ತಾರೆ ಅಂತ ನಿತೇಶ ಕಾದ. ಯಾರೂ ನಗಲಿಲ್ಲ. ಸೂಜಿಗಳು ನಿಂತವು. ಚಂದ್ರ ತನ್ನ ಪಿಕಪ್ಪಿನ ಕಡೆ ನೋಡಿದ. ಅವನ ಪಕ್ಕದವನು ತನ್ನ ಜೀಪಿನ ಕಡೆ ನೋಡಿದ.

"ತಾಂಡೇಲ್ರೇ," ಅಂದ ಚಂದ್ರ, "ಎಣ್ಣಿ ಪೂಸ್ರೆ ಗಾಡಿ ಹತ್ತ್ ವರ್ಷ ಜಾಸ್ತಿ ಬತ್ತ್ ಅಂದ್ಹೇಳಿ ನಮ್ಗ್ ಹೇಳದ್ದ್ ನೀವೇ ಅಲ್ದಾ?"

"ಹೇಳದ್ದ್ ಹೌದ್."

"ನಾನ್ ಎರಡ್ ಡಬ್ಬಿ ಪೂಸಿದೆ ಮಾರಾಯ್ರೇ! ಒಂದ್ ವಾರದಿಂದ ಹೆಮ್ಮಾಡಿ ಏರೂ ಹತ್ತುದಿಲ್ಲೆ. ಲೋಡ್ ಜಾಸ್ತಿ ಆಯ್ತಾ ಅಂದ್ಕಂಡಿದ್ದೆ!"

"ನಂದೂ ಹಾಂಗೇ," ಅಂತ ಇನ್ನೊಂದು ದನಿ.

"ನಾನ್ ಬೈಕಿಗೂ ಪೂಸಿದೆ," ಅಂತ ಮತ್ತೊಂದು.

ಆಮೇಲೆ ನಕ್ಕರು. ಮೊದಲು ತಮಗೆ ತಾವೇ, ಆಮೇಲೆ ತಾಂಡೇಲರ ಮೇಲೆ ತಿರುಗಿ. "ದೋಣಿ ಬಿಟ್ಟ್ ಮೇಲೂ ನಮ್ನ ಮುಳ್ಗ್ಸುಕ್ ಬಿಡ್ಲಿಲ್ಲೆ ಅಲ್ಲ್ ನೀವ್!" ಅಂತ ಒಬ್ಬ. "ಇನ್ ಮೋಡದ್ ಮಾತೂ ನಂಬುಕ್ ಆತಿಲ್ಲೆ," ಅಂತ ಇನ್ನೊಬ್ಬ. ತಾಂಡೇಲರು ಹಾಗೇ ನಿಂತಿದ್ದರು. ಕೂರಲಿಲ್ಲ. ದಿವ್ಯಾ ಕಾರಿನ ಬಾಗಿಲ ಹತ್ತಿರ ತುಟಿ ಕಚ್ಚಿ ನಿಂತಳು.

ಒಂದು ತಿಂಗಳಿಂದ ನಿತೇಶ ಬಯಸಿದ್ದು ಇದನ್ನೇ. ಈಗ ಕಣ್ಣೆದುರು ಆಗುತ್ತಿದ್ದರೆ ಅದು ಅವನಿಗೆ ಹಿಡಿಸಲಿಲ್ಲ. ಗಾಡಿಯನ್ನು ಸರಿಯಾಗಿ ನೋಡದೆ ದೋಷ ಹೇಳುವವರನ್ನು ಕಂಡರೆ ಬರುವ ಸಿಟ್ಟೇ ಅವನಿಗೆ ಈಗ ಈ ಇಪ್ಪತ್ತು ಜನರ ಮೇಲೆ ಬಂತು.

"ಹ್ವಾಯ್, ನಿಲ್ಲ್ಸಿ!" ಅಂದ. "ಎಣ್ಣಿ ತಪ್ಪಲ್ಲ. ಕಾಣುಕಿದ್ರೆ ಬಾನೆಟ್ ಎತ್ತಿ ಕಾಣಿ ಅವ್ರ ಕಾರಿನ ಒಳ್ಗ್. ಹದಿನಾರ್ ವರ್ಷದ್ ಗಾಡಿ, ಈ ಮಳಿಗಾಲ ಇಡೀ ಉಪ್ಪ್ ಗಾಳಿಯಗೆ ನಿಂತ್ರೂ ಪೂಸದ್ ಕಬ್ಣಕ್ಕೆ ಹೊಸ ತುಕ್ಕ್ ಒಂದ್ ಚೂರ್ ಇಲ್ಲೆ. ನಿಮ್ ಯಾರ್ ಗಾಡಿಗ್ ಇತ್ತ್ ಹಾಂಗ್? ಕಬ್ಣಕ್ಕೆ ಪೂಸಿ, ರಬ್ಬರ್ ಬಿಡಿ. ಅಷ್ಟೇ ಮಾತ್. ಅದ್ ನನ್ಗ್ ಗೊತ್ತಿತ್ತ್, ಅವ್ರಿಗ್ ಗೊತ್ತಿರ್ಲಿಲ್ಲೆ. ಇದ್ ಅವ್ರಿಗ್ ಗೊತ್ತಿತ್ತ್, ನನ್ಗ್ ಇವತ್ ಗೊತ್ತಾಯ್ತ್."

ಒಬ್ಬಿಬ್ಬರು ನಿಜಕ್ಕೂ ಬಾನೆಟ್ಟು ಎತ್ತಿ ಬಗ್ಗಿ ನೋಡಿದರು. ನೋಡಿದವರು ಉಳಿದವರನ್ನೂ ಕೈಬೀಸಿ ಕರೆದರು.

ಚಂದ್ರ ಪಿಕಪ್ಪಿನ ಕೀಲಿ ಹಿಡಿದುಕೊಂಡು ಹತ್ತಿರ ಬಂದ. "ನಿತೇಶಾ, ನಂದೊಂದ್ ಈಗ್ಲೇ ಕಾಂತ್ಯಾ? ನಾಳೆ ಬೆಳಿಗ್ಗೆ ಲೋಡ್ ಇತ್ತ್."

"ಒಂದ್ ತಿಂಗ್ಳ್ ಕುಂದಾಪ್ರಕ್ಕ್ ಹೋದ್ದಲೆ. ಅಲ್ಲೇ ಹೋಗಿ."

"ಬಯ್ಯುದ್ ಬಯ್ಯು, ಬಾನೆಟ್ ತೆಗ್ದ್ ಬಯ್ಯು ಮಾರಾಯ."

ನಿತೇಶ ಉಸಿರು ಬಿಟ್ಟು ಕಾರಿನಿಂದ ಚೀಲ ತೆಗೆದ. ಪಿಕಪ್ಪಿನ ಮೂತಿ ಎತ್ತಿದ ಕೂಡಲೇ ಅದೇ ವಾಸನೆ, ಎರಡು ಡಬ್ಬಿಯಷ್ಟು. ಹಿಂದಿನಿಂದ ಕಾಲು ಎಳೆದು ಬರುವ ಸದ್ದು ಕೇಳಿಸಿತು. ತಾಂಡೇಲರು ಪಕ್ಕದಲ್ಲಿ ಬಂದು ನಿಂತು, ಎಂಜಿನ್ನಿನೊಳಗೆ ಬಗ್ಗಿ, ಕಣ್ಣು ಸಣ್ಣ ಮಾಡಿ ನೋಡಿದರು.

"ಎಲ್ಲೆಲ್ಲಿ ರಬ್ಬರ್ ಇತ್ತ್, ಒಂದೊಂದೇ ತೋರ್ಸ್," ಅಂದರು. "ಮೆಲ್ಲ ತೋರ್ಸ್. ನಾನ್ ಕಲ್ತ್ಕಣ್ಕ್."